ಹೆಣ ಕೇಳಿದ ಪ್ರಶ್ನೆ

ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಭತ್ತ ಒಣಹಾಕುತ್ತಿದ್ದ ನಮ್ಮ ಹೆಂಗಸರ ಗುಂಪಿನಲ್ಲಿ ಓದು ಬರುತ್ತಿದ್ದದ್ದು ನನಗೊಬ್ಬಳಿಗೇ. ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚಿದ ಮೇಲೆ, ಹಾನಗಲ್ಲಿನಿಂದ ಬಾಡಿಗೆಗೆ ತಂದ ಕಾದಂಬರಿಯನ್ನು ನಾನು ಓದಿ ಹೇಳಬೇಕು. ಚೀಲ ಹೊರುವ ಹಮಾಲರೂ ಬಂದು ಕೂರುತ್ತಿದ್ದರು. ಎಮರ್ಜೆನ್ಸಿಯ ಆ ದಿನಗಳಲ್ಲಿ ಎಲ್ಲರಿಗೂ ಹೆಣ ಎದ್ದು ನಡೆಯುವ ಕಥೆಗಳ ಹುಚ್ಚು.

ನನ್ನ ಗಂಡನೂ ಅಲ್ಲೇ ಹಮಾಲ. ಗಂಡಸರನ್ನು ಹಿಡಿದೊಯ್ದು ಮಕ್ಕಳಾಗದ ಆಪರೇಷನ್ ಮಾಡಿಸುವ ಜೀಪು ಹಿಂದಿನ ತಿಂಗಳು ಗಿರಣಿಗೆ ನುಗ್ಗಿದಾಗ, ಉಳಿದವರೆಲ್ಲ ಚೀಲ ಬಿಸಾಕಿ ಗದ್ದೆಗೆ ಓಡಿದ್ದರು. ಇವನು ಅನ್ನವನ್ನು ನೆಲಕ್ಕೆ ಒಗೆಯಬಾರದೆಂದು ಚೀಲವನ್ನು ಮೆಲ್ಲಗೆ ಇಳಿಸುತ್ತ ನಿಂತ, ಸಿಕ್ಕಿಬಿದ್ದ. ಹೊಲಿಗೆ ಹಾಕಿಸಿಕೊಂಡು ಬಂದವನನ್ನು ಅದೇ ಓಡಿಹೋದವರು, "ಗಂಡಸ್ತನ ಕಳ್ಕೊಂಡು ಬಂದಾನ" ಎಂದು ಆಡಿಕೊಂಡರು.

ಆ ಸಲದ ಕಾದಂಬರಿಯಲ್ಲಿ ಮಂತ್ರವಾದಿ ಎಬ್ಬಿಸಿದ ಹೆಣಗಳು ದುಡಿಯುತ್ತವೆ, ಉಣ್ಣುತ್ತವೆ, ಹೆಂಡತಿಯ ಗುರುತು ಮಾತ್ರ ಹಿಡಿಯುವುದಿಲ್ಲ. ನಾನು ಹೆಣದ ಹಾಗೆ ಮೂಗಿನಿಂದ ದನಿ ತೆಗೆದು ಓದುತ್ತಿದ್ದೆ. ಹಮಾಲರಿಗೆ ಕೆಲಸ ಹಂಚುವ ಮುಕಾದಮ ನನ್ನ ಗಂಡನ ಕಡೆ ಗೋಣು ತಿರುಗಿಸಿ, "ನಮ್ಮಲ್ಲೂ ಒಂದು ಹೆಣ ಚೀಲ ಹೊರಾಕತ್ತೈತಿ ನೋಡ್ರಲೇ!" ಅಂದ. ಎಲ್ಲರೂ ನಕ್ಕರು. ಅಯ್ಯ, ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ, ಓದಿನ ಗುಂಗಿನಲ್ಲಿ ನಾನೂ ನಕ್ಕೆ.

ಅವತ್ತಿನಿಂದ ನನ್ನ ಗಂಡ ಹೊಟ್ಟಿನ ರಾಶಿಯ ಹಿಂದೆ ಹೋಗಿ ಒಬ್ಬನೇ ಉಣ್ಣತೊಡಗಿದ. ನಾಲ್ಕನೆಯ ದಿನ, "ಗಿರಣಿ ಬಿಡ್ತೇನಿ" ಅಂದ. ನನಗೆ ನಾಚಿಕೆ, ಅದಕ್ಕಿಂತ ಹೆಚ್ಚು ಸಿಟ್ಟು. ಓಡಿಹೋದವರು ತಮ್ಮ ಹೆದರಿಕೆಯನ್ನೆಲ್ಲ ಇವನೊಬ್ಬನ ಹೆಗಲಿಗೇರಿಸಿ ಹಲ್ಲು ಕಿಸಿಯುತ್ತಿದ್ದರು.

"ಬಿಡೂದು ಬ್ಯಾಡ. ನಾಳಿ ಒಂದಿನ ತಡೀರಿ," ಅಂದೆ. ದೇಶವನ್ನೇ ನಡುಗಿಸಿದ ಜೀಪನ್ನು ನಾನು ತಡೆಯಲಾರೆ. ಪುಸ್ತಕವಂತೂ ನನ್ನ ಕೈಯಲ್ಲಿತ್ತು.

ಮರುದಿನ ಪುಟ ತೆರೆದು, ಅದರಲ್ಲಿ ಇಲ್ಲದ್ದನ್ನು ಓದಿದೆ. ಹೆಣಗಳು ಸಾಲಾಗಿ ಊರೊಳಗೆ ಬಂದವು. ಗಂಡಸರು ಕದ ಹಾಕಿಕೊಂಡರು. ಮುಂದಿದ್ದ ಹೆಣ ಕದ ಬಡಿದು ಕೇಳಿತು: "ಜೀಪು ಬಂದಾಗ ಎಲ್ಲಿ ಹೋಗಿದ್ರಲೇ, ಗಂಡಸ್ರಾ?"

ಯಾರೂ ನಗಲಿಲ್ಲ. ಒಬ್ಬ ಮುದುಕಿ ಮಾತ್ರ, "ಗದ್ದಿಗೆ ಓಡಿದ್ರವ್ವಾ, ನಾ ನೋಡೇನಿ," ಅಂದಳು.

ಮುಕಾದಮ ಧಡಕ್ಕನೆ ಎದ್ದ. "ಇದು ಆ ಪುಸ್ತಕದಾಗ ಐತೇನು?"

"ಬರ್ರಿ, ನೀವ ಓದ್ರಿ," ಎಂದು ಪುಸ್ತಕ ಮುಂದೆ ಹಿಡಿದೆ. ಅವನಿಗೆ ಓದು ಬಾರದು.

ಅಷ್ಟರಲ್ಲಿ ಹೊಟ್ಟಿನ ರಾಶಿಯ ಹಿಂದಿನಿಂದ ನನ್ನ ಗಂಡ ಬಂದ. ಎಲ್ಲರ ನಡುವೆ ಕೂತು, ಗಂಟು ಬಿಚ್ಚಿ ರೊಟ್ಟಿ ಮುರಿದ.

"ಕುಂದರ್ರಿ, ಮುಕಾದಮ್ರ," ಅಂದ. "ಹೆಣ ಏನ್ ಹೇಳತೈತಿ, ಪೂರಾ ಕೇಳೂಣು."