ಎರಡಿಂಚು ನಾಲ್ಕು ಸೆಂಟ್ಸ್

ಗಾಳಿಬೀಡಿನಲ್ಲಿ ಸಾಂತಪ್ಪಣ್ಣ ಎದುರು ಸಿಕ್ಕರೆ ಯಾರೂ "ಹೇಗಿದ್ದೀರಿ" ಎಂದು ಕೇಳುವುದಿಲ್ಲ. "ಎಷ್ಟಾಯ್ತು?" ಎಂದು ಕೇಳುತ್ತಾರೆ. ಕೇಳುವುದು ಮಳೆಯನ್ನು. ಅವರು ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಕೆಲಸದವರ ಹಾಜರಿ ಬರೆಯುವುದರ ಜೊತೆಗೆ ದಿನದ ಮಳೆ ಬರೆಯುವುದೂ ಅವರ ಪಾಲಿಗೇ ಇತ್ತು. ನಿವೃತ್ತಿಯಾದ ಮೇಲೆ ಹಾಜರಿ ಬಿಟ್ಟಿತು, ಮಳೆ ಬಿಡಲಿಲ್ಲ. ಅಂಗಳದಲ್ಲಿ ಸ್ವಂತ ಮಳೆಮಾಪಕ ಇಟ್ಟುಕೊಂಡು ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅಳೆಯುತ್ತಾರೆ. ಮೂವತ್ತೊಂಬತ್ತು ವರ್ಷದ ಮಳೆ ಅವರ ಪುಸ್ತಕಗಳಲ್ಲಿದೆ.

ನಮ್ಮ ಕಡೆ ಮಳೆ ಅಳೆಯುವುದು ಇಂಚು, ಸೆಂಟ್ಸ್‌ನಲ್ಲಿ. ಇಂಚಿಗೆ ನೂರು ಸೆಂಟ್ಸ್. ಸಾಂತಪ್ಪಣ್ಣ ನಡುವೆ ಚುಕ್ಕಿಯನ್ನೂ ಇಡುವುದಿಲ್ಲ. ಪುಸ್ತಕದಲ್ಲಿ 350 ಎಂದಿದ್ದರೆ ಮೂರೂವರೆ ಇಂಚು. ಗೊತ್ತಿಲ್ಲದವರು ಬಂದು ಕೇಳಲಿ ಎನ್ನುವ ಜಾಯಮಾನ ಅವರದು.

ನಾನು ಯಮುನಾ, ಇಲ್ಲಿನ ಅಂಗನವಾಡಿ ಟೀಚರ್. ಊರಿನ ವಾಟ್ಸ್ಯಾಪ್ ಗುಂಪು ನಡೆಸುವವಳೂ ನಾನೇ, ಹಾಗಾಗಿ ಊರಿನ ಅರ್ಧ ಜಗಳ ನನ್ನ ತಲೆಗೇ ಬರುತ್ತದೆ. ಸಾಂತಪ್ಪಣ್ಣನ ಜೊತೆ ನನಗಿದ್ದದ್ದು ಒಂದೇ ಜಗಳ, ಆಕಾಶದ್ದು. ಚಂದ್ರನ ಮೇಲೆ ನಮ್ಮ ನೌಕೆ ಇಳಿದ ಸಂಜೆ ಮಕ್ಕಳನ್ನೆಲ್ಲ ಕರೆದುಕೊಂಡು ಅವರ ಮನೆಯ ಟೀವಿ ಮುಂದೆ ಕೂತಿದ್ದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಈ ಮಹಾರಾಯರು ಬಾಯಿ ಹಾಕಿದರು.

"ಚಂದ್ರನಲ್ಲಿ ಮಳೆ ಬರ್ತದಾ ಟೀಚರೇ?"

"ಇಲ್ಲ."

"ಮತ್ತೆ ಅಲ್ಲಿ ಎಂತ ಅಳೆಯೋದು? ಅಷ್ಟು ದುಡ್ಡಲ್ಲಿ ಊರಿನ ಬರೆಗಳಿಗೆಲ್ಲ ತಡೆಗೋಡೆ ಕಟ್ಟಬಹುದಿತ್ತು."

ನನಗೆ ಸಿಟ್ಟು ಬಂತು. ಅವರ ಮಾತಿನಲ್ಲಿ ಹುರುಳಿತ್ತಲ್ಲ, ಅದಕ್ಕೇ ಹೆಚ್ಚು ಬಂತು. ಗುಡ್ಡ ಕಡಿದು ಮನೆ ಕಟ್ಟಿದಾಗ ಹಿಂದೆ ನಿಲ್ಲುವ ಮಣ್ಣಿನ ಗೋಡೆಗೆ ನಾವು ಬರೆ ಅನ್ನುವುದು. ಸಾಂತಪ್ಪಣ್ಣನ ಅಡಿಗೆಮನೆಯ ಹಿಂದೆಯೇ ಇಪ್ಪತ್ತಡಿ ಬರೆ. ಆದರೂ ಸೋಲಲು ಮನಸ್ಸು ಬರಲಿಲ್ಲ. "ಮೇಲೆ ಉಪಗ್ರಹ ಇರೋದರಿಂದಲೇ ಅಲ್ವಾ, ಮಳೆ ಬರೋದು ಮೊದಲೇ ಗೊತ್ತಾಗೋದು?" ಎಂದೆ.

"ಅವರ ಮಳೆ ಟೀವಿಯಲ್ಲಿ ಬರ್ತದೆ. ನನ್ನದು ಅಂಗಳದಲ್ಲಿ ಬರ್ತದೆ."

ಹೊಲಿಗೆ ಮೆಷಿನ್ನಿನ ಮುಂದಿದ್ದ ಅವರ ಹೆಂಡತಿ ಬೊಳ್ಳಮ್ಮಕ್ಕ ತಲೆಯನ್ನೂ ಎತ್ತದೆ, "ಇಬ್ಬರಿಗೂ ಚಾ ಬೇಕಾ, ಬೊತ್ತಾ?" ಎಂದರು. ಬೇಡ ಅನ್ನುವಷ್ಟು ಸಿಟ್ಟು ನಮ್ಮಿಬ್ಬರಿಗೂ ಇರಲಿಲ್ಲ.

ಕಳೆದ ವರ್ಷ ಜುಲೈಯಲ್ಲಿ ಮೂರು ದಿನ ಬಿಡದೆ ಹೊಡೆಯಿತು. ಸಾಂತಪ್ಪಣ್ಣನ ಪುಸ್ತಕದಲ್ಲಿ ಮೂರು ದಿನಕ್ಕೆ ಹತ್ತೊಂಬತ್ತೂವರೆ ಇಂಚು. "ಇಪ್ಪತ್ತೈದು ದಾಟಿದ್ರೆ ನಮ್ಮ ಬರೆ ನಿಲ್ಲೋದಿಲ್ಲ" ಎಂದು ಅವರೇ ಹೇಳುತ್ತಿದ್ದರು. ನಾಲ್ಕನೆಯ ದಿನ ಮಧ್ಯಾಹ್ನ ಹವಾಮಾನದವರ ಎಚ್ಚರಿಕೆ ಬಂತು. ಗುಂಪಿಗೆ ಹಾಕಿದವಳು ನಾನು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಫೋನು. ಅವಸರದಲ್ಲಿ ಟೈಪ್ ಮಾಡಿದ್ದು ಇಷ್ಟೇ: "ರೆಡ್ ಅಲರ್ಟ್. ನಾಳೆ ಬೆಳಿಗ್ಗೆಯೊಳಗೆ ಮಳೆ 204. ಬರೆ ಪಕ್ಕದವರು ಶಾಲೆಗೆ ಬನ್ನಿ."

ಮಿಲಿಮೀಟರ್ ಎಂದು ಹಾಕಲಿಲ್ಲ. ಯಾರಿಗೆ ಗೊತ್ತಿಲ್ಲ ಎಂದುಕೊಂಡೆ.

ಸಾಂತಪ್ಪಣ್ಣ ಓದಿ ನಕ್ಕರಂತೆ. 204 ಎಂದರೆ ಅವರ ಕಣ್ಣಿಗೆ ಎರಡಿಂಚು ನಾಲ್ಕು ಸೆಂಟ್ಸ್. ಹತ್ತೊಂಬತ್ತೂವರೆಗೆ ಎರಡು ಸೇರಿದರೆ ಇಪ್ಪತ್ತೊಂದೂವರೆ, ಬರೆಗೆ ಏನೂ ಆಗುವುದಿಲ್ಲ. "ಇಷ್ಟು ಹೇಳ್ಲಿಕ್ಕೆ ರಾಕೆಟ್ ಬೇಕಿತ್ತಾ?" ಎಂದು ಫೋನು ಬದಿಗಿಟ್ಟು ಚಳಿ ಕಾಯಿಸಲು ಒಲೆಯ ಹತ್ತಿರ ಹೋಗಿ ಕೂತರು. ಒಲೆ ಇರುವುದು ಅದೇ ಹಿಂದಿನ ಅಡಿಗೆಮನೆಯಲ್ಲಿ.

ಬೊಳ್ಳಮ್ಮಕ್ಕನಿಗೆ ಮಾತ್ರ ಸಮಾಧಾನವಾಗಲಿಲ್ಲ. ಎರಡಿಂಚು ಮಳೆಗೆ ಯಾರಾದರೂ ಕೆಂಪು ಎಚ್ಚರಿಕೆ ಕೊಡುತ್ತಾರಾ? ಕತ್ತಿನಲ್ಲಿದ್ದ ಹೊಲಿಗೆಯ ಟೇಪು ಕೈಗೆ ತೆಗೆದುಕೊಂಡರು. ಅದರ ಒಂದು ಬದಿಗೆ ಇಂಚು, ಇನ್ನೊಂದು ಬದಿಗೆ ಸೆಂಟಿಮೀಟರ್. ಆಮೇಲೆ ನನಗೆ ಫೋನ್ ಬಂತು.

"ಟೀಚರೇ, ನೀವು ಹಾಕಿದ್ದು ಇಂಚಾ, ಮಿಲಿಮೀಟರಾ?"

"ಮಿಲಿಮೀಟರ್, ಅಕ್ಕ. ಮಿಲಿಮೀಟರ್! ಬೇಗ ಹೊರಡಿ!"

ಅವರು ಟೇಪನ್ನು ಗಂಡನ ಮೂಗಿನ ಮುಂದೆ ಹಿಡಿದರಂತೆ. "ನೋಡಿ. ಈಚೆ ಇಪ್ಪತ್ತು ಸೆಂಟಿಮೀಟರ್. ಆಚೆ ಎಂಟಿಂಚು ಉಂಟು. ಏಳಿ, ಹೋಕು."

ಹತ್ತೊಂಬತ್ತೂವರೆಗೆ ಎಂಟು. ಸಾಂತಪ್ಪಣ್ಣನಿಗೆ ಕೂಡಿಸಿ ಹೇಳಬೇಕಾಗಿರಲಿಲ್ಲ. ದನಗಳ ಹಗ್ಗ ಬಿಚ್ಚಿ, ಮಳೆ ಪುಸ್ತಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕತ್ತಲಾಗುವ ಮೊದಲೇ ಇಬ್ಬರೂ ಶಾಲೆಗೆ ಬಂದರು. ನಾನು ಬಾಗಿಲಲ್ಲೇ ನಿಂತಿದ್ದೆ. ಅವರನ್ನು ಕಂಡ ಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಬೆಳಿಗ್ಗೆ ಆರಕ್ಕೆ ಬರೆ ಜರಿಯಿತು. ಅಡಿಗೆಮನೆಯೂ ಒಲೆಯೂ ಮಣ್ಣಿನಡಿ ಹೋದವು. ಮುಂದಿನ ಕೋಣೆ ಉಳಿಯಿತು. ಎಂಟಕ್ಕೆ ಮಳೆ ಸ್ವಲ್ಪ ಬಿಟ್ಟಿತು. ಯಾರು ಬೇಡವೆಂದರೂ ಕೇಳದೆ ಸಾಂತಪ್ಪಣ್ಣ ಹೊರಟರು, ಹಿಂದೆಯೇ ನಾನೂ ಹೋದೆ. ಅಂಗಳದ ತುದಿಯಲ್ಲಿ ಮಳೆಮಾಪಕ ನೆಟ್ಟಗೇ ನಿಂತಿತ್ತು. ಅಳೆದರು.

"ಏಳು ಇಂಚು ತೊಂಬತ್ತು," ಎಂದರು. "204 ಅಂದ್ರೆ ಎಂಟಿಂಚು ಮೂರು ಸೆಂಟ್ಸ್. ಹದಿಮೂರು ಸೆಂಟ್ಸ್ ತಪ್ಪಿದೆ ನಿಮ್ಮ ಉಪಗ್ರಹದ್ದು."

ಅಷ್ಟು ಹೇಳಿ ಒಲೆಯಿದ್ದ ಕಡೆ ನೋಡಿದರು.

"ಸಾಂತಪ್ಪಣ್ಣ, ತಪ್ಪು ನನ್ನದು. ಮಿಲಿಮೀಟರ್ ಅಂತ ಬರೀಬೇಕಿತ್ತು," ಎಂದೆ. ನನಗೆ ಅಳು ಬಂತು.

"ನಾನು ಚುಕ್ಕಿ ಇಟ್ಟಿದ್ದು ಉಂಟಾ? ಬಿಡಿ," ಎಂದರು. ಮೋಡದ ಕಡೆ ತಲೆ ಎತ್ತಿ ನೋಡಿದರು. "ನಾನು ಬಿದ್ದ ಮಳೆ ಬರೆಯೋನು ಟೀಚರೇ. ಬೀಳೋ ಮಳೆ ಹೇಳೋದಕ್ಕೆ ಅಷ್ಟು ಮೇಲೆ ಹೋಗ್ಲೇಬೇಕಾಗ್ತದೋ ಏನೋ. ಯಾರು ಹಾರಿಸಿದ್ದೋ ಅದನ್ನ, ಅವರ ಹೊಟ್ಟೆ ತಣ್ಣಗಿರಲಿ."

ತಡೆಗೋಡೆಯ ಜಗಳ ಅವರು ಈಗಲೂ ಬಿಟ್ಟಿಲ್ಲ. ಎರಡೂ ಬೇಕು ಅನ್ನುತ್ತಾರೆ, ಈಗ ನಾನೂ ಹೌದು ಅನ್ನುತ್ತೇನೆ. ಬೊಳ್ಳಮ್ಮಕ್ಕನ ಹೊಸ ಅಡಿಗೆಮನೆ ಮುಂದುಗಡೆ ಎದ್ದಿದೆ. ಮೊನ್ನೆ ಅಲ್ಲಿ ಚಾ ಕುಡಿಯುತ್ತ ಮಳೆ ಪುಸ್ತಕ ತಿರುವಿ ನೋಡಿದೆ. ಕೊನೆಯಲ್ಲಿ ಷರಾ ಎಂಬ ಸಣ್ಣ ಕಾಲಂ ಇದೆ. ಮೂವತ್ತೊಂಬತ್ತು ವರ್ಷ ಅದರಲ್ಲಿ ಗುಡುಗು, ಗಾಳಿ, ಆಲಿಕಲ್ಲು ಬಿಟ್ಟರೆ ಬೇರೇನನ್ನೂ ಅವರು ಬರೆದವರಲ್ಲ. ಆ ದಿನದ ಸಾಲಿನಲ್ಲಿ ಮೊದಲ ಸಲ ಚುಕ್ಕಿ ಇಟ್ಟು 7.90 ಇಂಚು ಎಂದು ಬರೆದಿದ್ದರು, ಪಕ್ಕದಲ್ಲಿ 201 ಮಿ.ಮೀ. ಷರಾ ಕಾಲಂನಲ್ಲಿ ಎರಡೇ ಪದ:

ಇಬ್ಬರೂ ಇದ್ದೇವೆ.