ಬೀಗರು ಬಡಿಸಿದ ಕ್ರಿಸ್ಮಸ್ ಊಟ

ಆ ಕ್ರಿಸ್ಮಸ್ಸಿನಲ್ಲಿ ನಡೆದದ್ದು ಇಷ್ಟೇ: ನಮ್ಮ ಬೀಗರು ಬಂದರು, ತೊಟ್ಟು ನೀರೂ ಕುಡಿಯಲಿಲ್ಲ, ಹೋದರು. ಅವಮಾನ ಮಾಡಿ ಹೋದರು ಎಂದು ನನ್ನ ದೊಡ್ಡ ಮಗಳು ಇವತ್ತಿಗೂ ಹೇಳುತ್ತಾಳೆ. ಕರ್ತನೇ ಅವರ ಮನಸ್ಸು ತಿರುಗಿಸಿದ ಎಂದು ಸಭೆಯ ಹೆಂಗಸರು ಹೇಳುತ್ತಾರೆ. ಎರಡೂ ಅಲ್ಲ. ಅವರ ಉಪವಾಸದ ದಿನ ಯಾವುದೆಂದು ನೋಡದೆ ನಾವು ಊಟಕ್ಕೆ ಕರೆದೆವು, ಅವರು ಬಾಯಿ ಬಿಡದೆ ಬಂದರು. ಮಿಕ್ಕದ್ದು ಜನ ಸೇರಿಸಿದ್ದು.

ನಾವು ಕಲಬುರಗಿ ಕಡೆಯ ಕ್ರೈಸ್ತರು. ನನ್ನ ಗಂಡ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದ ಕಾಲದಲ್ಲಿ ಮುಂಬಯಿ ಪಕ್ಕದ ಠಾಣೆಯ ಕೋಪರಿಯಲ್ಲಿ ಎರಡು ಕೋಣೆಯ ಮನೆ ಹಿಡಿದೆವು. ಅವರು ತೀರಿಕೊಂಡರು, ನಾನು ಅಲ್ಲೇ ಇದ್ದೇನೆ. ಮಕ್ಕಳೆಲ್ಲ ರೈಲು ಹೋದ ದಿಕ್ಕಿಗೆ ಹೋದರು. ದೊಡ್ಡ ಮಗಳು ಉಲ್ಹಾಸನಗರ, ನಡುವಿನವಳು ಕಲ್ಯಾಣ, ದೊಡ್ಡ ಮಗ ಕಾಮೋಠೆ. ಕಿರಿಮಗ ಮತ್ತು ಅವನ ಹೆಂಡತಿ ನನ್ನ ಜೊತೆಗಿದ್ದಾರೆ. ಕ್ರಿಸ್ಮಸ್ಸಿಗೆ ಎಲ್ಲರೂ ಇಲ್ಲಿಗೇ ಬರಬೇಕು. ಮೈದುನಂದಿರ ಮಕ್ಕಳು, ಅವರ ಮಕ್ಕಳು, ಒಮ್ಮೊಮ್ಮೆ ಯಾರ ಮಗು ಎಂದು ನನಗೇ ತಿಳಿಯದ ಮಗು. ಕಾಮೋಠೆಯ ಮಗನ ಫ್ಲ್ಯಾಟು ದೊಡ್ಡದು, ಲಿಫ್ಟಿದೆ, ಅಲ್ಲಿ ಮಾಡೋಣ ಎಂದು ಅವನು ಪ್ರತಿ ವರ್ಷ ಹೇಳುತ್ತಾನೆ. ಹಬ್ಬಕ್ಕೆ ಜನ ಬೇಕು, ಜಾಗ ಯಾಕೆ ಬೇಕು? ಕೋಣೆ ತುಂಬಿದರೆ ಪ್ಯಾಸೇಜ್ ಇದೆ, ಅದೂ ತುಂಬಿದರೆ ಟೆರೇಸ್ ಇದೆ.

ಕಿರಿಸೊಸೆ ಡೊಂಬಿವಲಿಯವಳು. ಅವಳ ಮನೆಯವರು ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಸಸ್ಯಾಹಾರಿ ಹೋಟೆಲ್ ನಡೆಸುತ್ತಾರೆ. ನನ್ನ ಮಗನೂ ಅವಳೂ ಐರೋಲಿಯಲ್ಲಿ ಒಂದೇ ಆಫೀಸಿನಲ್ಲಿದ್ದರು. ಮುಂದಿನದು ಹೇಳಬೇಕಾಗಿಲ್ಲ. ಮದುವೆಗೆ ಅವಳ ಅಪ್ಪ ಬರಲಿಲ್ಲ. ಜಗಳವನ್ನೂ ಮಾಡಲಿಲ್ಲ. ಜಗಳ ಮಾಡಿದ್ದರೆ ಒಂದು ದಿನ ಬಗೆಹರಿಯುತ್ತಿತ್ತು. ಮೊಮ್ಮಗಳು ಹುಟ್ಟಿದ ಮೇಲೆ, ಮಗುವನ್ನು ಹೋಟೆಲಿಗೆ ಕರೆದುಕೊಂಡು ಬಾ ಎಂದರು. ಮನೆ ಹೋಟೆಲಿನ ಹಿಂದಿನ ಗಲ್ಲಿಯಲ್ಲೇ ಇದೆ. ಅಲ್ಲಿಗೆ ಬಾ ಎನ್ನಲಿಲ್ಲ. ಸೊಸೆ ಹೋಗುತ್ತಿದ್ದಳು. ಮೂಲೆಯ ಟೇಬಲ್ಲಿನಲ್ಲಿ ಮಗುವನ್ನು ಕೂರಿಸಿದರೆ ಅಪ್ಪ ಗಲ್ಲಾ ಬಿಟ್ಟು ಎದ್ದು ಬಂದು, ಮಗು ಇಡ್ಲಿ ತಿನ್ನುವುದನ್ನು ನೋಡುತ್ತ ಎದುರಿಗೆ ಕೂರುವರಂತೆ. ಮಗು ಅವರನ್ನು ‘ಹೋಟೆಲ್‌ವಾಲೇ ನಾನಾ’, ಅಂದರೆ ಹೋಟೆಲಿನ ಅಜ್ಜ, ಎಂದು ಕರೆಯುತ್ತದೆ.

ಸೊಸೆಯರು ತವರಿನಿಂದ ಬರುವಾಗ ಏನಾದರೂ ತರುತ್ತಾರೆ. ಉಪ್ಪಿನಕಾಯಿ, ಅವ್ವನ ಹಳೆಯ ಸೀರೆ, ಏನೂ ಇಲ್ಲದಿದ್ದರೆ ನಾಲ್ಕು ಬೈಗುಳ. ಇವಳು ಪಾರ್ಸೆಲ್ ತರುತ್ತಿದ್ದಳು. ದೋಸೆ ಚೆನ್ನಾಗಿಯೇ ಇರುತ್ತಿತ್ತು. ನಾನೂ ತಿನ್ನುತ್ತಿದ್ದೆ. ಆದರೆ ಅವಳು ಅದನ್ನು ಬಿಚ್ಚುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಕ್ರಿಸ್ಮಸ್ಸಿನ ಹಿಂದಿನ ಭಾನುವಾರ ನಮ್ಮಲ್ಲಿ ಕರಜಿಕಾಯಿ ಮಾಡುವ ದಿನ. ಆರಾಧನೆ ಮುಗಿಸಿ ಹೆಣ್ಣುಮಕ್ಕಳೆಲ್ಲ ಬಂದು ನೆಲಕ್ಕೆ ಹಳೆಯ ಸೀರೆ ಹಾಸಿ ಕೂರುತ್ತಾರೆ. ಒಬ್ಬಳು ಲಟ್ಟಿಸಬೇಕು, ಒಬ್ಬಳು ಕೊಬ್ಬರಿ, ಪುಟಾಣಿ, ಬೆಲ್ಲದ ಹೂರಣ ತುಂಬಬೇಕು, ಒಬ್ಬಳು ಅಂಚು ಮಡಿಚಿ ಮುಚ್ಚಬೇಕು. ಮೊದಲ ಡಬ್ಬಿ ತುಂಬಿದ ಕೂಡಲೇ ಅದನ್ನು ಅಟ್ಟದ ಮೇಲೆ ಇಡುತ್ತೇನೆ. ಅದು ಹಬ್ಬ ಮುಗಿಯುವವರೆಗೆ ಕೆಳಗಿಳಿಯುವುದಿಲ್ಲ. ನನ್ನ ಅತ್ತೆ ಹಾಗೆ ಮಾಡುತ್ತಿದ್ದಳು. ಮನೆಗೆ ಬಾರದೆ ಉಳಿದವರಿಗೆ ಆ ಡಬ್ಬಿ. ಕಿರಿಸೊಸೆ ಬಂದ ಮೊದಲ ವರ್ಷ ಅವಳು ಮುಚ್ಚಿದ ಕರಜಿಕಾಯಿಯೆಲ್ಲ ಎಣ್ಣೆಯಲ್ಲಿ ಬಾಯಿ ಬಿಟ್ಟಿದ್ದವು. ಈಗ ಮುಚ್ಚುವ ಕೆಲಸ ಅವಳೊಬ್ಬಳದೇ. ದೊಡ್ಡ ಮಗಳಿಗೆ ಅದೂ ಹೊಟ್ಟೆಯುರಿ.

ಆ ಭಾನುವಾರ ಕೈಯಲ್ಲಿ ಹಿಟ್ಟು ಇಟ್ಟುಕೊಂಡೇ ಸೊಸೆ ಹೇಳಿದಳು, “ಅತ್ತೆ, ಅಪ್ಪನಿಗೆ ಫೋನ್ ಮಾಡಿದ್ದೆ. ಕ್ರಿಸ್ಮಸ್‌ಗೆ ಊಟಕ್ಕೆ ಬನ್ನಿ ಅಂದೆ.”

“ಏನಂದ್ರು?”

“ಇಪ್ಪತ್ತೈದಕ್ಕೇನಾ ಅಂದ್ರು. ಆಮೇಲೆ ಬರ್ತೇನೆ ಅಂದ್ರು. ಫೋನ್ ಇಟ್ರು.”

ಲಟ್ಟಣಿಗೆ ನಿಂತಿತು. ದೊಡ್ಡ ಮಗಳು, “ನಮ್ಮ ಮನ್ಯಾಗ ಉಣ್ತಾರಂತೇನು?” ಎಂದಳು.

“ಒಂದು ತುತ್ತು ತಿಂದ್ರೆ ಸಾಕು ಅಕ್ಕ,” ಎಂದಳು ಸೊಸೆ. “ಇಲ್ಲಿ ಒಂದು ತುತ್ತು ತಿಂದ್ರೆ, ಆಮೇಲೆ ನನ್ನನ್ನು ಮನೆಗೆ ಬಾ ಅನ್ಲೇಬೇಕಲ್ಲ.”

ಅಷ್ಟು ವರ್ಷ ಅವಳು ಬಾಯಿ ಬಿಟ್ಟು ಕೇಳಿದ್ದು ಅದೊಂದೇ. ನಾನು ಎದ್ದು ಹೊಸ ಪಾತ್ರೆ ತರಿಸಲು ಮಗನಿಗೆ ಹೇಳಿದೆ. ಬೀಗರ ಅಡುಗೆ ಬೇರೆ ಒಲೆಯಲ್ಲಿ, ಬೇರೆ ಪಾತ್ರೆಯಲ್ಲಿ, ಸೊಸೆಯ ಕೈಯಲ್ಲೇ ಆಗಬೇಕು. ಬಿರಿಯಾನಿ ಟೆರೇಸಿಗೆ ಹೋಗಬೇಕು. ಮಟನ್ ಈ ಹೊಸ್ತಿಲೊಳಗೆ ಬರಕೂಡದು.

“ಒಬ್ಬ ಮನುಷ್ಯಾಗ ಬ್ಯಾರೆ ಒಲಿ, ಬ್ಯಾರೆ ಭಾಂಡಿ,” ಎಂದಳು ದೊಡ್ಡ ಮಗಳು. “ರಾಜಾ ಬರ್ಲತ್ತಾನೇನು?”

“ರಾಜಾ ಬಂದ್ರ ಪ್ಯಾಸೇಜಿನ್ಯಾಗ ಕುಂದ್ರಸ್ತಿದ್ದೆ. ಬರಾವ ಬೀಗ ಅದಾನ. ಸುಮ್ಮ ಲಟ್ಟಸು.”

ಹಬ್ಬದ ದಿನ ಆರಾಧನೆಯಿಂದ ಬಂದಾಗ ಮನೆ ಸಂತೆಯಾಗಿತ್ತು. ಟೆರೇಸಿನಲ್ಲಿ ಗಂಡಸರು ಬಿರಿಯಾನಿ ದಮ್ಮಿಗಿಟ್ಟು, ಮುಚ್ಚಳ ತೆಗೆಯುವ ಹೊತ್ತಾಯಿತೋ ಇಲ್ಲವೋ ಎಂದು ಜಗಳವಾಡುತ್ತಿದ್ದರು. ಕೆಳಗೆ ಸೊಸೆ ಅನ್ನ, ಸಾರು, ಹುರುಳಿಕಾಯಿ ಪಲ್ಯ, ಕೋಸಂಬರಿ, ಕಡಲೆಬೇಳೆ ಪಾಯಸ ಮಾಡಿ ಮುಚ್ಚಿಟ್ಟಿದ್ದಳು. ರುಚಿ ನೋಡಲು ನನಗೂ ಕೊಡಲಿಲ್ಲ. ಮೊದಲ ತುತ್ತು ಅಪ್ಪನದು ಎಂದಳು. ಕಲ್ಯಾಣದಿಂದ ಬರುವಾಗ ನಡುವಿನ ಮಗಳು ಬಾಳೆ ಎಲೆ ತಂದಿದ್ದಳು. ಮಿಕ್ಕವರಿಗೆಲ್ಲ ಕಾಗದದ ಪ್ಲೇಟು.

ಬೀಗರು ಹೇಳಿದ ಹೊತ್ತಿಗೆ ಬಂದರು. ಬಿಳಿ ಶರ್ಟು, ಪಂಚೆ, ಕೈಯಲ್ಲಿ ಹೋಟೆಲಿನ ಮೈಸೂರುಪಾಕಿನ ಡಬ್ಬಿ. ಹಿಂದೆ ಬೀಗತಿ, ಮಲ್ಲಿಗೆ ಹಿಡಿದುಕೊಂಡು. ನಾನು ನೀರು ಕೊಟ್ಟೆ. “ಈಗ ಬೇಡ ಅಮ್ಮ,” ಎಂದರು. ಚಹಾ ಎಂದೆ. “ಬೇಡ.” ಮಗು ಓಡಿ ಬಂದು ಅವರ ಪಂಚೆ ಹಿಡಿದು, “ಹೋಟೆಲ್‌ವಾಲೇ ನಾನಾ ಘರ್ ಪೆ ಆಯೇ!” ಎಂದು, ಅಜ್ಜ ಮನೆಗೇ ಬಂದರೆಂದು ಕೂಗಿತು. ಪ್ಯಾಸೇಜಿನವರೆಲ್ಲ ನಕ್ಕರು. ಅವರು ನಗಲಿಲ್ಲ. ಮಗುವಿನ ತಲೆಯ ಮೇಲೆ ಕೈ ಇಟ್ಟುಕೊಂಡು ನಿಂತರು.

ಸೊಸೆ ಎಲೆ ಹಾಸಿದಳು. ನೀರು ಚಿಮುಕಿಸಿದಳು, ತುದಿಗೆ ಉಪ್ಪು ಬಡಿಸಿದಳು. ಅಪ್ಪ ಎಲೆಯನ್ನೇ ನೋಡುತ್ತಿದ್ದರು, ಕೂರಲಿಲ್ಲ. ಅವಳು ಪಾಯಸದ ಸೌಟು ಎತ್ತಿದಳು. ಆಗ ಬೀಗತಿ ಮೆಲ್ಲಗೆ ಹೇಳಿದರು, “ಮಗಾ, ಇವತ್ತು ಏಕಾದಶಿ ಅಲ್ವಾ.”

ಸೌಟು ಕೈಯಲ್ಲೇ ಉಳಿಯಿತು. ಏಕಾದಶಿ ದಿನ ಅವರು ಏನೂ ತಿನ್ನುವುದಿಲ್ಲ, ನೀರೂ ಇಲ್ಲ ಎಂದು ನನಗೆ ಆಗಲೇ ತಿಳಿದದ್ದು. ನಮ್ಮ ಮನೆಯ ಗೋಡೆಗೆ ಸಭೆಯ ಕ್ಯಾಲೆಂಡರ್ ಇದೆ. ಅದರಲ್ಲಿ ಭಾನುವಾರ ಕೆಂಪಗಿರುತ್ತದೆ, ಮಿಕ್ಕ ದಿನವೆಲ್ಲ ಒಂದೇ. ನಮಗೆ ಗೊತ್ತಿಲ್ಲದಿದ್ದರೆ ಅದೇನೂ ದೊಡ್ಡದಲ್ಲ. ಆದರೆ ಅವಳು ಆ ಮನೆಯಲ್ಲಿ ಹುಟ್ಟಿ ಬೆಳೆದವಳು. ಅವಳಿಗೆ ಮರೆತಿತ್ತು. ಅಪ್ಪ ಉಣ್ಣಲಿಲ್ಲ ಎಂಬುದಕ್ಕಿಂತ, ತನಗೆ ಮರೆತದ್ದು ಅಪ್ಪನಿಗೆ ಕಂಡಿತು ಎಂಬುದಕ್ಕೆ ಅವಳ ಮುಖ ಇಳಿಯಿತು.

ದೊಡ್ಡ ಮಗಳು ನನ್ನ ಕಿವಿಯಲ್ಲಿ, “ನೆಪ ನೋಡವ್ವ, ಹೆಂಗದ,” ಎಂದಳು. ಅವಳ ಪಿಸುಮಾತು ಠಾಣೆಯ ರೈಲ್ವೆ ಸ್ಟೇಷನ್ನಿಗೆ ಕೇಳುತ್ತದೆ. ಬೀಗರಿಗೂ ಕೇಳಿತು.

ನಾನು ನೇರವಾಗಿ ಕೇಳಿದೆ. “ಫೋನಿನ್ಯಾಗೇ ಹೇಳಬಾರದಾಗಿತ್ತೇನ್ರಿ? ನಾಳಿಗಿ ಬರ್ತೀನಿ ಅಂದಿದ್ರ ನಾಳಿಗೇ ಅಡಗಿ ಮಾಡ್ತಿದ್ವಿ.”

ಅವರು ನನ್ನ ದೊಡ್ಡ ಮಗಳ ಕಡೆ ಒಮ್ಮೆ ನೋಡಿ ಹೇಳಿದರು, “ಇಷ್ಟು ವರ್ಷದ ಮೇಲೆ ಮಗಳು ಮನೆಗೆ ಕರೆದದ್ದು. ಏಕಾದಶಿ ಅಂದಿದ್ರೆ ನೆಪ ಅಂತಲೇ ಆಗ್ತಿತ್ತು. ನಾಳೆ ಬರ್ತೇನೆ ಅಂದಿದ್ರೆ ಹಬ್ಬ ಬೇಡ ಅಂದ ಹಾಗೆ ಆಗ್ತಿತ್ತು. ಬರದೇ ಇರುವುದಕ್ಕಿಂತ ಬಂದು ಉಣ್ಣದೇ ಇರುವುದು ವಾಸಿ ಅಂತ ಕಂಡಿತು ಅಮ್ಮ.”

ಸರಿಯಾದ ಮಾತು. ಬಾರದವನು ಕಾರಣ ಹೇಳುತ್ತಾನೆ, ಬಂದವನು ಯಾಕೆ ಹೇಳಬೇಕು?

ಸೊಸೆ ಎಲೆ ಮಡಿಚಲು ಬಗ್ಗಿದಳು. ನಾನು ತಡೆದೆ. “ಹಾಸಿದ ಎಲಿ ಖಾಲಿ ಎತ್ತಬ್ಯಾಡ.” ಮಗುವನ್ನು ಹಿಡಿದು ತಂದು ಆ ಎಲೆಯ ಮುಂದೆ ಕೂರಿಸಿದೆ. ಸೊಸೆ ಬಡಿಸಬೇಕಿತ್ತು. ಅವಳ ಕೈ ಏಳುತ್ತಿರಲಿಲ್ಲ. ಅನ್ನದ ಪಾತ್ರೆ ಅಲ್ಲೇ ಇತ್ತು, ಮಗು ಎಲೆಯ ಮೇಲಿನ ಉಪ್ಪನ್ನು ನೆಕ್ಕುತ್ತಿತ್ತು. ಬೀಗರು ಒಂದು ಗಳಿಗೆ ನೋಡಿದರು. ಆಮೇಲೆ ಪಂಚೆ ಮೇಲೆತ್ತಿ ಕಟ್ಟಿ, ಕೈ ತೊಳೆದು ಬಂದು, ಬಗ್ಗಿ ಮಗುವಿಗೆ ಅನ್ನ ಬಡಿಸಿದರು.

ಹೋಟೆಲಿನವರ ಕೈಗೆ ಸೌಟು ಸಿಕ್ಕರೆ ಒಂದು ಎಲೆಗೆ ನಿಲ್ಲುವುದಿಲ್ಲ ಎಂದು ಅವತ್ತು ಕಂಡೆ. ಟೆರೇಸಿನಲ್ಲಿ ಜನ ಸಾಲಾಗಿ ಕೂತಾಗಿತ್ತು, ನಮ್ಮ ಹುಡುಗರು ಬಿರಿಯಾನಿಯನ್ನು ಒಬ್ಬರಿಗೆ ಗುಡ್ಡೆ ಹಾಕಿ ಇನ್ನೊಬ್ಬರನ್ನು ಮರೆಯುತ್ತಿದ್ದರು. ಬೀಗರು ಸಾರಿನ ಬಕೆಟ್ ಹಿಡಿದು ಮೇಲೆ ಬಂದರು. ಬಿರಿಯಾನಿಯ ಪಾತ್ರೆಯ ಕಡೆ ತಿರುಗಲಿಲ್ಲ, ಮೂಗೂ ಮುಚ್ಚಲಿಲ್ಲ. ಮಗಳು ಮಾಡಿದ್ದನ್ನೆಲ್ಲ ಒಂದೊಂದಾಗಿ ತಂದು ಒಬ್ಬರನ್ನೂ ಬಿಡದೆ ಬಡಿಸಿದರು. ಸಾರು, ಸಾರು ಎನ್ನುತ್ತ ಅವರು ಹೋದ ಹಾಗೆ ಸಾಲು ತಾನಾಗಿ ನೆಟ್ಟಗಾಯಿತು. ಗಲಾಟೆ ಮಾಡುತ್ತಿದ್ದ ಮೈದುನನ ಮಕ್ಕಳೂ ಕಾಲು ಮಡಿಚಿ ಕೂತರು. ಹಸಿದ ಮನುಷ್ಯ ಬಡಿಸುವಾಗ ಯಾರೂ ಅನ್ನ ಚೆಲ್ಲುವುದಿಲ್ಲ.

ದೊಡ್ಡ ಮಗಳ ಮುಂದೆ ಬಂದಾಗ ಅವಳು ಪ್ಲೇಟಿನ ಮೇಲೆ ಕೈ ಅಡ್ಡ ಹಿಡಿದು, “ಸಾಕ್ರಿ, ನನಗ ಬಿರಿಯಾನಿ ಅದ,” ಎಂದಳು.

“ಸಾಕು ಅಂದವರಿಗೆ ಅರ್ಧ ಸೌಟು,” ಎಂದರು ಬೀಗರು. “ಅದು ನಮ್ಮ ಪದ್ಧತಿ. ಕೈ ತೆಗೀರಿ, ಸುಡ್ತದೆ.”

ಅವಳು ಕೈ ತೆಗೆದಳು. ಪಾಯಸ ಬಂದಾಗ ಕೈ ಅಡ್ಡ ಬರಲಿಲ್ಲ. ಎರಡನೇ ಸಲ ಬಂದಾಗ ಪ್ಲೇಟೇ ಮುಂದೆ ಬಂತು. ಅವಮಾನ ಮಾಡಿದರು ಎಂದು ಈಗ ಹೇಳುವ ಬಾಯಿ ಅದೇ.

ಊಟದ ಮೇಲೆ ನಮ್ಮವರು ಢೋಲಕ್ ಹಿಡಿದು ಭಜನೆಗೆ ಕೂತರು. ಬೀಗರು ಗೋಡೆಗೊರಗಿ ಕೂತು ಕೇಳಿದರು. ತುಟಿ ಒಣಗಿತ್ತು. ತೊಡೆಯ ಮೇಲೆ ಮಗು ನಿದ್ದೆ ಹೋಗಿತ್ತು. ಬೀಗತಿ ನನ್ನ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟು ಮಗಳೊಡನೆ ತುಳುವಿನಲ್ಲಿ ಮಾತಾಡುತ್ತಿದ್ದರು. ನನಗೆ ಅರ್ಥವಾಗಲಿಲ್ಲ, ನಡುವೆ ಒಮ್ಮೆ ಇಬ್ಬರೂ ನಕ್ಕದ್ದು ಮಾತ್ರ ಕೇಳಿಸಿತು. ಮನೆ ತುಂಬಿತ್ತು, ಹೊಟ್ಟೆ ತುಂಬಿತ್ತು, ಯಾರೂ ಸಿಟ್ಟು ಮಾಡಿಕೊಂಡು ಎದ್ದು ಹೋಗಿರಲಿಲ್ಲ. ನಮ್ಮಂಥ ಮನೆಯಲ್ಲಿ ಹಬ್ಬ ಚೆನ್ನಾಯಿತು ಎನ್ನಲು ಇಷ್ಟು ಸಾಕು. ಆದರೆ ಸೊಸೆ ಕೇಳಿದ್ದ ಒಂದು ತುತ್ತು ಮಾತ್ರ ಆಗಿರಲಿಲ್ಲ.

ಹೊರಡುವಾಗ ಬೀಗರು ಚಪ್ಪಲಿ ಹುಡುಕುತ್ತಿದ್ದರು. ಅಷ್ಟು ಜನರ ಚಪ್ಪಲಿಯ ರಾಶಿಯಲ್ಲಿ ಹುಡುಕಲು ಹೊತ್ತು ಬೇಕು. ನಾನು ಆ ಹೊತ್ತಿನಲ್ಲೇ ಕೇಳಿದೆ.

“ನಾಳಿಗಿ ಯಾವಾಗ ಉಣ್ತೀರಿ?”

“ದ್ವಾದಶಿ ಅಲ್ವಾ ಅಮ್ಮ. ಬೆಳಿಗ್ಗೆ, ಸೂರ್ಯ ಹುಟ್ಟಿದ ಕೂಡಲೇ ಪಾರಣೆ.”

“ಮನ್ಯಾಗೋ, ಹೋಟೆಲಿನ್ಯಾಗೋ?”

ಅವರು ಚಪ್ಪಲಿಯಿಂದ ತಲೆ ಎತ್ತಿದರು. “ಪಾರಣೆ ಮನೆಯಲ್ಲೇ.”

“ಹಂಗಾರ ನಾನು ಬರ್ತೀನಿ. ನನಗ ಒಬ್ಬಾಕಿಗೆ ಹಾದಿ ಗೊತ್ತಿಲ್ಲ. ನಿಮ್ಮ ಮಗಳು ಕರಕೊಂಡು ಬರ್ತಾಳ.”

ಸೊಸೆ ನನ್ನ ಸೆರಗು ಎಳೆದಳು. ಬೀಗತಿ, “ಬನ್ನಿ ಅಕ್ಕ, ಬೇಗ ಬನ್ನಿ. ಮಗುವನ್ನೂ ತನ್ನಿ,” ಎಂದರು. ಆಮೇಲೆ ಬೀಗರೂ ಚಪ್ಪಲಿಗೆ ಕಾಲು ತೂರಿಸುತ್ತ, “ಬನ್ನಿ,” ಎಂದರು.

ಮಾರನೆಯ ಬೆಳಿಗ್ಗೆ ಕತ್ತಲಿರುವಾಗಲೇ ಎದ್ದೆ. ನೆಲದ ತುಂಬ ಮಲಗಿದ್ದವರನ್ನು ದಾಟಿ ಸೊಸೆಯನ್ನೂ ಮಗುವನ್ನೂ ಎಬ್ಬಿಸಿದೆ, ಅಟ್ಟದ ಮೇಲಿನ ಮೊದಲ ಡಬ್ಬಿ ಇಳಿಸಿದೆ. ಮನೆಗೆ ಮಟನ್ ವಾಸನೆ ಬರುವ ಮೊದಲೇ ಮುಚ್ಚಿಟ್ಟ ಡಬ್ಬಿ. ಠಾಣೆಯಿಂದ ಆ ಹೊತ್ತಿಗೆ ಡೊಂಬಿವಲಿ ಕಡೆ ಹೋಗುವ ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತು. ಇಳಿದು ನಡೆದಾಗ ಹೋಟೆಲಿನ ಶಟರ್ ಅರ್ಧ ಎದ್ದಿತ್ತು. ಸೊಸೆಯ ಕಾಲು ಅಭ್ಯಾಸಕ್ಕೆ ಅಲ್ಲೇ ನಿಂತಿತು. ನಾನು ಬೆನ್ನಿಗೆ ಒಂದು ಕೈ ಕೊಟ್ಟು, “ಇದಲ್ಲ. ಮುಂದ ನಡಿ,” ಎಂದೆ.

ಹಿಂದಿನ ಗಲ್ಲಿಯ ಮನೆಯಲ್ಲಿ ಬೀಗತಿ ಬಾಗಿಲು ತೆರೆದೇ ಇಟ್ಟಿದ್ದರು. ಎಲೆ ಹಾಸಿತ್ತು, ನಮಗೂ. ಸೊಸೆ ಎಲೆಯ ಮುಂದೆ ಕೂತು ಒಂದಿಷ್ಟು ಅತ್ತಳು, ಆಮೇಲೆ ಉಂಡಳು. ಮಗು ಅಜ್ಜನ ಪಕ್ಕ ಕೂತು ಹಪ್ಪಳ ಕೇಳಿತು. ಬೀಗರು ಮಜ್ಜಿಗೆ ಅನ್ನ ಮುಗಿಸಿ ನನ್ನ ಡಬ್ಬಿಯ ಕಡೆ ನೋಡಿದರು.

“ಏನದು?”

“ಕರಜಿಕಾಯಿ. ನಿಮ್ಮ ಮಗಳು ಮುಚ್ಚಿದ್ದು. ಒಂದೂ ಬಾಯಿ ಬಿಟ್ಟಿಲ್ಲ, ನೋಡ್ರಿ.”

ಅವರು ಒಂದನ್ನು ತೆಗೆದು ತಿರುಗಿಸಿ ಅಂಚು ನೋಡಿದರು, ಮುರಿದು ತಿಂದರು. ಸೊಸೆ ಉಣ್ಣುವುದನ್ನು ನಿಲ್ಲಿಸಿ ನೋಡುತ್ತಿದ್ದಳು. “ಬೆಲ್ಲ ಸ್ವಲ್ಪ ಜಾಸ್ತಿ,” ಎಂದು ಹೇಳಿ ಇನ್ನೊಂದು ತೆಗೆದುಕೊಂಡರು.

ನಿಮ್ಮ ತಂಬುಳಿಗೆ ಉಪ್ಪು ಕಮ್ಮಿ ಅದ ಎಂದು ನಾನೂ ಹೇಳಿದೆ. ಬೀಗತಿ ಉಪ್ಪು ತಂದರು. ಇನ್ನೊಂದು ಸೌಟು ತಂಬುಳಿ ಹಾಕಿಸಿಕೊಂಡು ಉಂಡೆ.