ಗೊಬ್ಬರದ ಗುಂಡಿಯ ಜ್ವರ

ಚಳಿಗಾಲದ ಬೆಳಿಗ್ಗೆ ಕಾಫಿಗೂ ಮುಂಚೆ ನಾನು ಮಾಡುವ ಕೆಲಸವನ್ನು ಮರ್ಯಾದಸ್ಥರ ಮುಂದೆ ಹೇಳಿಕೊಳ್ಳುವಂತಿಲ್ಲ. ಹಿತ್ತಿಲಿಗೆ ಹೋಗಿ, ಗೊಬ್ಬರದ ಗುಂಡಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿ ನಿಲ್ಲುತ್ತೇನೆ. ಮೇಲೆ ಇಬ್ಬನಿ, ಒಳಗೆ ಹದವಾದ ಬಿಸಿ. ಕೋಸಿನ ಎಲೆ, ಕಾಫಿ ಚರಟ, ಬಾಡಿದ ಪೂಜೆಯ ಹೂವು ಎಲ್ಲ ಸೇರಿ ಇಷ್ಟು ಬೆಚ್ಚಗಿರುತ್ತವಲ್ಲ ಎಂದು ನನಗೆ ದಿನವೂ ಆಶ್ಚರ್ಯ. ನನ್ನ ಹೆಂಡತಿ ಸುಶೀಲಳ ಆಶ್ಚರ್ಯವೇ ಬೇರೆ.

"ಕೊಳೆತಿದ್ದಕ್ಕೆ ಜ್ವರ ಐತಾ ಅಂತ ಮುಟ್ಟಿ ನೋಡ್ತಾರೆ. ನಂಗೆ ಜ್ವರ ಬಂದಾಗ ಒಂದಿನ ಹಣೆ ಮುಟ್ಟಿದ್ರಾ?"

ಮುಟ್ಟಿದ್ದೆ. ಆದರೆ ಗೊಬ್ಬರದ ಕೈಯಲ್ಲಿ ಮುಟ್ಟಿದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ.

ನಮ್ಮ ಮನೆ ಇರುವುದು ಚನ್ನಪಟ್ಟಣದ ಅಂಚಿನಲ್ಲಿ, ಪೇಟೆ ಮುಗಿದು ಹಿಪ್ಪುನೇರಳೆ ತೋಟ ಶುರುವಾಗುವ ಕಡೆ. ವಾರವೆಲ್ಲ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕಡತ ತಿರುವಿಹಾಕುವ ನನಗೆ, ತಿರುವಿಹಾಕಿದ್ದಕ್ಕೆ ಫಲ ಕಾಣುವುದು ಈ ಗುಂಡಿಯಲ್ಲಿ ಮಾತ್ರ. ಹಿತ್ತಿಲೆಂದರೆ ನಾಲ್ಕು ಬದನೆ ಗಿಡ, ಒಂದು ಪಾತಿ ಮೆಂತ್ಯ, ಕಾಂಪೌಂಡಿನ ಮೇಲೆ ಹಬ್ಬಿಸಿದ ಅವರೆ ಬಳ್ಳಿ, ಅಷ್ಟೇ. ಅಷ್ಟು ಜಾಗಕ್ಕೂ ಸಿಮೆಂಟ್ ಬಳಿಸಿಬಿಡಬೇಕು ಎಂಬುದು ಸುಶೀಲಳ ವಾದ. ಬಟ್ಟೆ ಒಣಗಿಸಬಹುದು, ರಾಗಿ ಹರವಬಹುದು, ಹಾವಿನ ಭಯವಿಲ್ಲ. ವಾದದಲ್ಲಿ ಹುರುಳಿತ್ತು, ನನ್ನ ಕಷ್ಟವೂ ಅದೇ. ಕೊನೆಗೊಂದು ಒಪ್ಪಂದವಾಯಿತು. ಸಂಕ್ರಾಂತಿಗೆ ಅವಳ ತಮ್ಮನ ಮನೆಯವರು ಬರುತ್ತಾರೆ. ಅಂದಿನ ಹಿತುಕಿದಬೇಳೆ ಸಾರು ಪೂರ್ತಿ ಹಿತ್ತಿಲ ಅವರೆಯಲ್ಲೇ ಆಗಬೇಕು. ಹಾಗಾದರೆ ಹಿತ್ತಿಲು ನನ್ನದು, ಆಗದಿದ್ದರೆ ಗಾರೆ ಕೆಲಸದವನದು.

ಮಂಜು ಸುರಿಯತೊಡಗಿದಂತೆ ಬಳ್ಳಿ ಹೂ ಬಿಟ್ಟಿತು. ಹೂವಿನ ಹಿಂದೆಯೇ ಗಿಡದ ರಸ ಹೀರುವ ಕಪ್ಪು ಹೇನು ಮುತ್ತಿಕೊಂಡಿತು. ನೋಡುತ್ತಿದ್ದಂತೆ ಕುಡಿಗಳೆಲ್ಲ ಮಸಿ ಬಳಿದುಕೊಂಡವು. ಒಂದು ಭಾನುವಾರ ಹಳೆ ಪಾತ್ರೆಯಲ್ಲಿ ಹೊಗೆಸೊಪ್ಪು ಕುದಿಸಿ, ಕಷಾಯವನ್ನು ಪಂಪಿಗೆ ತುಂಬಿ, ಯುದ್ಧಕ್ಕೆ ಹೊರಟವನಂತೆ ಬಳ್ಳಿಯ ಮುಂದೆ ನಿಂತೆ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಜಯಮ್ಮನ ಕೂಗು ಕೇಳಿತು.

"ಅಣ್ಣೋ! ಏನಣ್ಣ ಆ ಘಾಟು? ಹೊಗೆಸೊಪ್ಪಾ? ನಮ್ಮ ಹುಳ ನಾಕ್ನೇ ಜ್ವರಕ್ಕೆ ಕುಂತವೆ ಕಣಣ್ಣ, ಒಂದೂ ಉಳಿಯಾಕಿಲ್ಲ!"

ಬೇರೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. ರೇಷ್ಮೆಹುಳು ಗೂಡು ಕಟ್ಟುವ ಮುನ್ನ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಸುಮ್ಮನೆ ಕೂರುತ್ತದೆ. ನಮ್ಮಲ್ಲಿ ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರ ಬಿಟ್ಟು ಎದ್ದ ಹುಳುವಿಗೆ ಹಸಿವೋ ಹಸಿವು. ಆಗ ಹೊಗೆಸೊಪ್ಪಿನ ಗಾಳಿ ತಾಗಿದ ಸೊಪ್ಪು ತಿಂದರೆ ಮುಗಿಯಿತು, ಕಕ್ಕಿಕೊಂಡು ಸಾಯುತ್ತದೆ. ಹುಳು ಸಾಕುವ ಮನೆಯ ಪಕ್ಕ ಹೊಗೆಸೊಪ್ಪು ತರಬಾರದೆಂದು ಇಲ್ಲಿ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಬಳ್ಳಿಯ ಮೋಹದಲ್ಲಿ ಗೋಡೆಯಾಚೆ ಒಂದು ಮನೆಯಿದೆ ಎಂಬುದೇ ಮರೆತುಹೋಗಿತ್ತು. ತುಂಬಾ ನಾಚಿಕೆಯಾಯಿತು. ಕಷಾಯವನ್ನು ಮುಚ್ಚಿಕೊಂಡು ಹೋಗಿ ಊರಾಚೆ ಹಳ್ಳ ತೋಡಿ ಹೂತೆ, ಬಂದು ತಲೆಗೇ ನೀರು ಹುಯ್ದುಕೊಂಡೆ.

ಆಮೇಲೆ ಉಳಿದದ್ದು ಒದ್ದೆ ಬಟ್ಟೆ ಮತ್ತು ಒಲೆಯ ಬೂದಿ. ರೈಲಿಗೆ ಹೊರಡುವ ಮುಂಚೆ ಒಂದೊಂದೇ ಕುಡಿ ಒರೆಸುತ್ತಿದ್ದೆ. ಎಡಗಡೆ ಒರೆಸಿ ಬರುವಷ್ಟರಲ್ಲಿ ಬಲಗಡೆ ಹೇನಿನ ಸಂಸಾರ ಬೆಳೆದಿರುತ್ತಿತ್ತು. ಜಯಮ್ಮನ ಹುಳುಗಳು ಕ್ಷೇಮವಾಗಿ ಜ್ವರ ಎದ್ದು, ಗೂಡು ಕಟ್ಟಿದವು. ಅವಳು ಒಂದು ಮಂಕರಿ ಹುಳುವಿನ ಹಿಕ್ಕೆ ತಂದು ನನ್ನ ಗುಂಡಿಗೆ ಸುರಿದು ಹೋದಳು. ಗುಂಡಿ ಕೊಬ್ಬಿತು, ಬಳ್ಳಿ ಮಾತ್ರ ಸೊರಗಿತು.

ಸಂಕ್ರಾಂತಿಯ ಬೆಳಿಗ್ಗೆ ಬಳ್ಳಿಯನ್ನೆಲ್ಲ ತಡಕಿ ಕಾಯಿ ಕಿತ್ತೆ. ಅರ್ಧ ಮೊರವೂ ತುಂಬಲಿಲ್ಲ. ಮೊರವನ್ನು ಸುಶೀಲಳ ಮುಂದಿಟ್ಟು, "ಗಾರೆಯವನಿಗೆ ಹೇಳಿಬಿಡು" ಅಂದೆ. ದುಃಖವೇ ಆಗಿತ್ತು. ಅವಳು ಕಬ್ಬು ತರಲು ನನ್ನನ್ನು ಪೇಟೆಗೆ ಕಳಿಸಿದಳು.

ಮಧ್ಯಾಹ್ನ ದೊಡ್ಡ ಪಾತ್ರೆಯ ತುಂಬ ಸಾರು! ಅವರೆಯ ಸೊಗಡು ಬೀದಿಯವರೆಗೆ ಬರುತ್ತಿತ್ತು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು.

"ಎಲ್ಲಾ ಇವ್ರ ಬಳ್ಳೀದೇ. ಸಿಮೆಂಟು ಬ್ಯಾಡ ಬುಡಿ," ಅಂದಳು ಸುಶೀಲ. ನಾನು ಉಬ್ಬಿಹೋದೆ. ಬಾಮೈದನಿಗೆ ಗೊಬ್ಬರದ ಮಹಿಮೆಯ ಮೇಲೆ ದೊಡ್ಡ ಭಾಷಣವನ್ನೇ ಬಿಗಿದೆ. ಪಾಪ, ಅವನು ಮುದ್ದೆ ನುಂಗುತ್ತ ಕೇಳಿದ.

ನೆಂಟರು ಹೋದ ಮೇಲೆ ಸಿಪ್ಪೆಯ ಬಕೆಟ್ಟನ್ನು ಗುಂಡಿಗೆ ಸುರಿಯಹೋದೆ. ಸುರಿದಷ್ಟೂ ಬರುತ್ತಿತ್ತು. ನನ್ನ ಬಳ್ಳಿಯ ಅಗಲವಾದ, ಚಪ್ಪಟೆ ಸಿಪ್ಪೆ ಮೇಲೊಂದಿಷ್ಟು. ಅಡಿಯಲ್ಲೆಲ್ಲ ಅಂಚಿಗೆ ನೇರಳೆ ಬಣ್ಣವಿದ್ದ ಗಿಡ್ಡ ಸಿಪ್ಪೆ. ಅದು ಜಯಮ್ಮ ತನ್ನ ಹೊಲದಲ್ಲಿ ರಾಗಿಯ ಸಾಲುಗಳ ನಡುವೆ ಬೆಳೆಯುವ ಅವರೆ.

"ಏನ್ ನೋಡ್ತಾ ನಿಂತ್ರಿ?" ಹಿಂದಿನಿಂದ ಸುಶೀಲ ಕೇಳಿದಳು.

"ಏನಿಲ್ಲ. ಸಿಪ್ಪೆ ಒಸಿ ಜಾಸ್ತಿನೇ ಐತೆ."

"ಫಸಲು ಚೆಂದಾಗಿ ಬಂದ್ರೆ ಸಿಪ್ಪೆ ಜಾಸ್ತಿ ಆಗ್ದೆ ಇರ್ತದಾ?" ಎಂದು ನನ್ನ ಮುಖ ನೋಡದೆ ಒಳಗೆ ಹೋದಳು.

ನಾನು ಒಂದು ಮಂಕರಿ ಒಣಗಿದೆಲೆ ತಂದು, ಒಂದು ಸಿಪ್ಪೆಯೂ ಕಾಣದ ಹಾಗೆ ಮುಚ್ಚಿದೆ.